ಸಂದರ್ಶನದ ಇಂಗ್ಲಿಷ್: ಕೆಲಸ ಹುಡುಕುವವರಿಗೆ ಒಂದು ಕೈಪಿಡಿ



ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ, ಬಿಕಾಂ, ನರ್ಸಿಂಗ್ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ನಮ್ಮ ಕರಾವಳಿಯ ಯುವಕ ಯುವತಿಯರಿಗೆ ಕೆಲಸ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ಆದರೆ ಸಂದರ್ಶನದ ಕೋಣೆಯಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಒಂದು ವಾಕ್ಯ ಕೇಳಿದ ಕೂಡಲೇ ಹಲವರ ಬಾಯಿ ಒಣಗುತ್ತದೆ. ಕೆಲವರು ಕರೆ ಬಂದರೂ ಹೋಗುವುದಿಲ್ಲ. ಇನ್ನು ಕೆಲವರು ಹೋಗುತ್ತಾರೆ, ಅರ್ಥವಾಗದ ಪ್ರಶ್ನೆಗಳಿಗೆಲ್ಲ ‘ಯೆಸ್ ಸರ್’ ಎಂದು ತಲೆಯಾಡಿಸಿ ಬರುತ್ತಾರೆ. ಮೊದಲಿನವರಿಗೆ ತಪ್ಪುವುದು ಒಂದು ಅವಕಾಶ. ಎರಡನೆಯವರಿಗೆ ಅದಕ್ಕಿಂತ ದೊಡ್ಡ ನಷ್ಟವಾಗಬಹುದು. ರಾತ್ರಿ ಪಾಳಿಗೆ, ಎರಡು ವರ್ಷದ ಬಾಂಡಿಗೆ, ಎಣಿಸಿದ್ದಕ್ಕಿಂತ ಕಡಿಮೆ ಸಂಬಳಕ್ಕೆ ತಾವೇ ಒಪ್ಪಿ ಬಂದಿದ್ದೇವೆ ಎಂದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಈ ಲೇಖನ ಇಂತಹವರಿಗಾಗಿ. ಇಲ್ಲಿರುವ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಓದಿ, ಗಟ್ಟಿಯಾಗಿ ಹೇಳಿ, ಬೇಕಾದುದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

1. ಎಷ್ಟು ಇಂಗ್ಲಿಷ್ ಬೇಕು?

ಸಂದರ್ಶನಕ್ಕೆ ಇಡೀ ಇಂಗ್ಲಿಷ್ ಭಾಷೆ ಬೇಕಾಗಿಲ್ಲ. ಹದಿನೈದು ಇಪ್ಪತ್ತು ನಿಮಿಷದ ಸಂದರ್ಶನದಲ್ಲಿ ಕೇಳುವ ವಿಷಯಗಳು ಬಹುತೇಕ ಒಂದೇ: ನೀವು ಯಾರು, ಏನು ಓದಿದ್ದೀರಿ, ಏನು ಕೆಲಸ ಮಾಡಿದ್ದೀರಿ, ಈ ಕೆಲಸ ಏಕೆ ಬೇಕು, ಎಷ್ಟು ಸಂಬಳ ಬೇಕು, ಯಾವಾಗ ಸೇರುತ್ತೀರಿ. ಈ ಆರು ವಿಷಯಗಳಲ್ಲಿ ನಿಮ್ಮದೇ ಉತ್ತರ ನಾಲಗೆಯ ಮೇಲೆ ಇದ್ದರೆ ಅರ್ಧ ಭಯ ಹೋಗುತ್ತದೆ. ಅರ್ಥವಾಗದಿದ್ದಾಗ ಮರ್ಯಾದೆಯಿಂದ ಮತ್ತೆ ಕೇಳುವ ನಾಲ್ಕು ವಾಕ್ಯ ಗೊತ್ತಿದ್ದರೆ ಉಳಿದ ಅರ್ಧವೂ ಹೋಗುತ್ತದೆ.

ದೊಡ್ಡವರಾದ ಮೇಲೆ ಹೊಸ ಭಾಷೆ ಬರುವುದಿಲ್ಲ ಎನ್ನುವವರಿಗೆ ನಮ್ಮ ಮಂಗಳೂರೇ ಉತ್ತರ ಕೊಡುತ್ತದೆ. ಇಟಲಿಯಿಂದ ಬಂದ ಯೇಸುಸಭೆಯ ಗುರು ಮಾಫೆಯಿ ಅವರು ಇಲ್ಲಿ ಕೊಂಕಣಿ ಕಲಿತು 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟನ್ನೇ ಹೊರತಂದರು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ನಮಗೆ ಬೇಕಾಗಿರುವುದು ನಿಘಂಟು ಬರೆಯುವಷ್ಟು ಭಾಷೆ ಅಲ್ಲ. ಐವತ್ತು ಅರವತ್ತು ವಾಕ್ಯ ಸಾಕು.

2. ಫೋನ್ ಕರೆ ಬಂದಾಗ

ಈಗ ಸಂದರ್ಶನ ಫೋನಿನಲ್ಲೇ ಶುರುವಾಗುತ್ತದೆ. ಕರೆ ಬರುವಾಗ ನೀವು ಬಸ್ಸಿನಲ್ಲಿ ಇರಬಹುದು, ಸಂತೆಯಲ್ಲಿ ಇರಬಹುದು. ಕೇಳಿಸದೆ ‘ಹಾಂ ಹಾಂ’ ಎನ್ನುವ ಬದಲು ಹೀಗೆ ಹೇಳಿ:

‘ಯೆಸ್, ಸ್ಪೀಕಿಂಗ್.’ – ಹೌದು, ನಾನೇ ಮಾತಾಡುತ್ತಿರುವುದು.
‘ಐ ಆಮ್ ಇನ್ ಎ ಬಸ್. ಮೇ ಐ ಕಾಲ್ ಯು ಬ್ಯಾಕ್ ಇನ್ ಟ್ವೆಂಟಿ ಮಿನಿಟ್ಸ್?’ – ಬಸ್ಸಿನಲ್ಲಿದ್ದೇನೆ, ಇಪ್ಪತ್ತು ನಿಮಿಷದಲ್ಲಿ ನಾನೇ ಕರೆ ಮಾಡಬಹುದೇ?
‘ಮೇ ಐ ನೋ ದಿ ನೇಮ್ ಆಫ್ ದಿ ಕಂಪನಿ, ಪ್ಲೀಸ್?’ – ಕಂಪನಿಯ ಹೆಸರು ತಿಳಿಸುವಿರಾ?
‘ಕುಡ್ ಯು ಪ್ಲೀಸ್ ಸೆಂಡ್ ಮಿ ದಿ ಅಡ್ರೆಸ್ ಆಂಡ್ ಟೈಮ್ ಆನ್ ವಾಟ್ಸಾಪ್?’ – ವಿಳಾಸ, ಸಮಯ ವಾಟ್ಸಾಪ್‌ನಲ್ಲಿ ಕಳುಹಿಸುವಿರಾ?

ಹೆಸರಿನ ಅಕ್ಷರ ಹೇಳಲು ಮೊದಲೇ ಅಭ್ಯಾಸ ಮಾಡಿ. ನಮ್ಮಲ್ಲಿ ಡಿಸೋಜ ಎಂಬ ಹೆಸರನ್ನೇ ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಬರೆದಿರುವುದುಂಟು. ಹೇಳಬೇಕಾದುದು ಹೀಗೆ: ‘ಡಿ, ಅಪಾಸ್ಟ್ರಫಿ, ಎಸ್, ಓ, ಯು, ಝೆಡ್, ಎ.’ ಡಿ, ಟಿ, ಬಿ, ಪಿ ಫೋನಿನಲ್ಲಿ ಒಂದೇ ತರಹ ಕೇಳಿಸುವುದರಿಂದ ‘ಡಿ ಫಾರ್ ಡೆಲ್ಲಿ’, ‘ಬಿ ಫಾರ್ ಬೆಂಗಳೂರು’ ಎಂದು ಸೇರಿಸಿ. ದಾಖಲೆಗಳಲ್ಲಿ ಹೆಸರು ಬೇರೆ ಬೇರೆ ಇದ್ದರೆ ಕೆಲಸ ಸಿಗುವ ಮೊದಲೇ ಸರಿಪಡಿಸಿಕೊಳ್ಳಿ.

3. ಒಳಗೆ ಹೋಗುವಾಗ

‘ಮೇ ಐ ಕಮ್ ಇನ್?’ – ಒಳಗೆ ಬರಬಹುದೇ?
‘ಗುಡ್ ಮಾರ್ನಿಂಗ್, ಸರ್’ ಅಥವಾ ‘ಗುಡ್ ಮಾರ್ನಿಂಗ್, ಮ್ಯಾಡಮ್.’ ಮಧ್ಯಾಹ್ನ 12ರ ಮೇಲೆ ‘ಗುಡ್ ಆಫ್ಟರ್‌ನೂನ್’. ‘ಗುಡ್ ನೈಟ್’ ಹೇಳುವುದು ರಾತ್ರಿ ಹೊರಡುವಾಗ ಮಾತ್ರ. ಸಂಜೆ ಭೇಟಿಯಾದಾಗ ‘ಗುಡ್ ಈವ್ನಿಂಗ್’.
‘ಥ್ಯಾಂಕ್ ಯು’ – ಕುಳಿತುಕೊಳ್ಳಿ ಎಂದಾಗ.
‘ಹಿಯರ್ ಆರ್ ಮೈ ಸರ್ಟಿಫಿಕೇಟ್ಸ್.’ – ಇವು ನನ್ನ ಪ್ರಮಾಣಪತ್ರಗಳು.

ನಮ್ಮ ದೇಶದಲ್ಲಿ ‘ಸರ್’, ‘ಮ್ಯಾಡಮ್’ ಸರಿ. ವಿದೇಶಿ ಕಂಪನಿಗಳಲ್ಲಿ ‘ಮಿಸ್ಟರ್’ ಜತೆ ಮನೆತನದ ಹೆಸರು ಬರಬೇಕು, ಮೊದಲ ಹೆಸರು ಅಲ್ಲ. ಅವರೇ ಮೊದಲ ಹೆಸರಿನಿಂದ ಕರೆಯಿರಿ ಎಂದರೆ ಹಾಗೆಯೇ ಕರೆಯಬಹುದು. ಅದು ಅಗೌರವ ಆಗುವುದಿಲ್ಲ.

4. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’

ಈ ಪ್ರಶ್ನೆಗೆ ತಂದೆ, ತಾಯಿ, ಅಣ್ಣ, ತಂಗಿಯರ ವಿವರ ಹೇಳುವ ಅಗತ್ಯವಿಲ್ಲ. ಅವರು ಕೇಳುತ್ತಿರುವುದು ನಿಮ್ಮ ಓದು ಮತ್ತು ಕೆಲಸದ ಬಗ್ಗೆ. ಐದು ವಾಕ್ಯ ಸಾಕು. ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಹೋಗುವವರ ಒಂದು ಮಾದರಿ:

‘ಐ ಆಮ್’ ಎಂದು ಹೇಳಿ ನಿಮ್ಮ ಹೆಸರು.
‘ಐ ಆಮ್ ಫ್ರಂ ಬಂಟ್ವಾಳ, ನಿಯರ್ ಮಂಗಳೂರು.’
‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2023.’
‘ಐ ಹ್ಯಾವ್ ವರ್ಕ್ಡ್ ಫಾರ್ ಒನ್ ಇಯರ್ ಇನ್ ಎ ಹಾರ್ಡ್‌ವೇರ್ ಶಾಪ್. ಐ ಹ್ಯಾಂಡಲ್ಡ್ ಬಿಲ್ಲಿಂಗ್ ಆಂಡ್ ಸ್ಟಾಕ್.’
‘ಐ ವಾಂಟ್ ಟು ಲರ್ನ್ ಅಕೌಂಟ್ಸ್ ವರ್ಕ್ ಇನ್ ಎ ಬಿಗ್ಗರ್ ಆಫೀಸ್.’

ಇದನ್ನು ನಿಮ್ಮ ಊರು, ನಿಮ್ಮ ಓದು, ನಿಮ್ಮ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಬೇರೆಯವರ ಉತ್ತರವನ್ನು ಬಾಯಿಪಾಠ ಮಾಡಿದರೆ ಮುಂದಿನ ಪ್ರಶ್ನೆಗೇ ಸಿಕ್ಕಿ ಬೀಳುತ್ತೀರಿ. ನಿಮ್ಮದೇ ಬದುಕಿನ ಸತ್ಯ ಹೇಳಿದರೆ ಮರೆತು ಹೋಗುವ ಭಯವೂ ಇಲ್ಲ.

ನಮ್ಮ ಯುವಜನರು ಹೇಳಲು ಮರೆಯುವ ಒಂದು ಮಾತಿದೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಜತೆಗೆ ಅಷ್ಟಿಷ್ಟು ಹಿಂದಿ – ಹೀಗೆ ನಾಲ್ಕು ಭಾಷೆ ಆಡುವವರು ನಮ್ಮಲ್ಲಿ ಮನೆಮನೆಯಲ್ಲಿ ಇದ್ದಾರೆ. ಆಸ್ಪತ್ರೆ, ಬ್ಯಾಂಕ್, ಹೋಟೆಲ್, ಅಂಗಡಿಗಳಿಗೆ ಇದು ದೊಡ್ಡ ಅರ್ಹತೆ. ‘ಐ ಸ್ಪೀಕ್ ಕನ್ನಡ, ತುಳು, ಕೊಂಕಣಿ ಆಂಡ್ ಹಿಂದಿ. ಐ ಆಮ್ ಇಂಪ್ರೂವಿಂಗ್ ಮೈ ಇಂಗ್ಲಿಷ್’ ಎಂದು ತಲೆ ಎತ್ತಿ ಹೇಳಿ. ‘ಮೈ ಇಂಗ್ಲಿಷ್ ಈಸ್ ವೆರಿ ಬ್ಯಾಡ್, ಸಾರಿ ಸರ್’ ಎಂದು ಕ್ಷಮೆ ಕೇಳುತ್ತಾ ಶುರು ಮಾಡಬೇಡಿ.

5. ಮಾಡಿದ ಕೆಲಸ ಹೇಳಲು ಬೇಕಾದ ಪದಗಳು

ಕೆಲಸದ ಅನುಭವ ಇಲ್ಲ ಎನ್ನುವವರೂ ಸಾಮಾನ್ಯವಾಗಿ ಏನಾದರೂ ಮಾಡಿಯೇ ಇರುತ್ತಾರೆ. ಅದನ್ನು ಹೇಳುವ ಪದ ಗೊತ್ತಿರುವುದಿಲ್ಲ, ಅಷ್ಟೇ. ಮುಗಿದ ಕೆಲಸ ಹೇಳುವ ಕೆಲವು ಕ್ರಿಯಾಪದಗಳು:

ಹ್ಯಾಂಡಲ್ಡ್ – ನೋಡಿಕೊಂಡೆ: ‘ಐ ಹ್ಯಾಂಡಲ್ಡ್ ದಿ ಕ್ಯಾಶ್ ಕೌಂಟರ್.’
ಹೆಲ್ಪ್ಡ್ – ನೆರವಾದೆ: ‘ಐ ಹೆಲ್ಪ್ಡ್ ಇನ್ ಮೈ ಫಾದರ್ಸ್ ಫಿಶ್ ಬಿಸಿನೆಸ್.’
ಕೆಪ್ಟ್ – ಇಟ್ಟುಕೊಂಡೆ: ‘ಐ ಕೆಪ್ಟ್ ದಿ ಅಕೌಂಟ್ಸ್ ಆಫ್ ಎ ಸೆಲ್ಫ್ ಹೆಲ್ಪ್ ಗ್ರೂಪ್.’
ಟಾಟ್ – ಕಲಿಸಿದೆ: ‘ಐ ಟಾಟ್ ಚಿಲ್ಡ್ರನ್ ಎವೆರಿ ಸಂಡೇ ಫಾರ್ ಟೂ ಇಯರ್ಸ್.’
ಆರ್ಗನೈಸ್ಡ್ – ಏರ್ಪಡಿಸಿದೆ: ‘ವಿ ಆರ್ಗನೈಸ್ಡ್ ಎ ಬ್ಲಡ್ ಡೊನೇಷನ್ ಕ್ಯಾಂಪ್.’
ರಿಪೇರ್ಡ್ – ದುರಸ್ತಿ ಮಾಡಿದೆ: ‘ಐ ರಿಪೇರ್ಡ್ ಪಂಪ್ಸ್ ಆಂಡ್ ಮೋಟರ್ಸ್.’
ಟುಕ್ ಕೇರ್ ಆಫ್ – ಆರೈಕೆ ಮಾಡಿದೆ: ‘ಐ ಟುಕ್ ಕೇರ್ ಆಫ್ ಪೇಷಂಟ್ಸ್ ಇನ್ ದಿ ಸರ್ಜಿಕಲ್ ವಾರ್ಡ್.’

ಭಾನುವಾರದ ಕ್ರೈಸ್ತ ಧರ್ಮೋಪದೇಶ ತರಗತಿ, ಯುವ ಸಂಚಲನದ ಲೆಕ್ಕಪತ್ರ, ಹಬ್ಬದ ಸ್ವಯಂಸೇವೆ – ಇವೂ ಜವಾಬ್ದಾರಿಯ ಕೆಲಸಗಳೇ. ಮಾಡಿದ್ದರೆ ಹೇಳಿ. ಮಾಡದಿದ್ದುದನ್ನು ಸೇರಿಸಬೇಡಿ.

6. ಅರ್ಥವಾಗದಿದ್ದಾಗ

ಇಡೀ ಲೇಖನದಲ್ಲಿ ಒಂದೇ ಭಾಗ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ.

‘ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ದಿ ಕ್ವೆಶ್ಚನ್.’ – ಪ್ರಶ್ನೆ ಅರ್ಥವಾಗಲಿಲ್ಲ.
‘ಕುಡ್ ಯು ಪ್ಲೀಸ್ ರಿಪೀಟ್ ದಟ್?’ – ಇನ್ನೊಮ್ಮೆ ಹೇಳುವಿರಾ?
‘ಕುಡ್ ಯು ಪ್ಲೀಸ್ ಸ್ಪೀಕ್ ಎ ಲಿಟ್ಲ್ ಸ್ಲೋಲಿ?’ – ಸ್ವಲ್ಪ ನಿಧಾನವಾಗಿ ಹೇಳುವಿರಾ?
‘ಡು ಯು ಮೀನ್ ನೈಟ್ ಶಿಫ್ಟ್?’ – ರಾತ್ರಿ ಪಾಳಿ ಎಂದು ನಿಮ್ಮ ಮಾತಿನ ಅರ್ಥವೇ?
‘ಪ್ಲೀಸ್ ಗಿವ್ ಮಿ ಎ ಮೊಮೆಂಟ್ ಟು ಥಿಂಕ್.’ – ಯೋಚಿಸಲು ಒಂದು ಕ್ಷಣ ಕೊಡಿ.

ಮತ್ತೆ ಕೇಳಿದರೆ ದಡ್ಡರು ಎಂದುಕೊಳ್ಳುತ್ತಾರೆ ಎಂಬ ಹೆದರಿಕೆ ಬೇಡ. ಔಷಧದ ಪ್ರಮಾಣ ಅರ್ಥವಾಗದೆ ‘ಯೆಸ್’ ಎನ್ನುವ ನರ್ಸ್, ಅಳತೆ ಅರ್ಥವಾಗದೆ ‘ಓಕೆ’ ಎನ್ನುವ ಫಿಟ್ಟರ್ ಯಾವ ಮಾಲಿಕನಿಗೂ ಬೇಡ. ಕೇಳಿ ತಿಳಿದುಕೊಳ್ಳುವವರು ಕೆಲಸದಲ್ಲೂ ಹಾಗೆಯೇ ಇರುತ್ತಾರೆ ಎಂದು ಅನುಭವಸ್ಥರಿಗೆ ಗೊತ್ತು. ಕೊಲ್ಲಿ ದೇಶಗಳ ಸಂದರ್ಶನದಲ್ಲಿ ಎದುರಿಗೆ ಕುಳಿತವರಿಗೂ ಎಷ್ಟೋ ಸಲ ಇಂಗ್ಲಿಷ್ ಮಾತೃಭಾಷೆ ಆಗಿರುವುದಿಲ್ಲ. ಅವರೂ ನಮ್ಮ ಹಾಗೆ ಕಲಿತವರೇ.

7. ‘ಯೆಸ್’ ಮತ್ತು ‘ನೋ’ ತಲೆಕೆಳಗಾಗುವ ಜಾಗ

ಕನ್ನಡದಲ್ಲಿ ‘ನಿಮಗೆ ಲೈಸೆನ್ಸ್ ಇಲ್ವಾ?’ ಎಂದು ಕೇಳಿದರೆ ‘ಹೌದು, ಇಲ್ಲ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಡೋಂಟ್ ಯು ಹ್ಯಾವ್ ಎ ಲೈಸೆನ್ಸ್?’ ಎಂದು ಕೇಳಿದಾಗ ಬರೀ ‘ಯೆಸ್’ ಎಂದರೆ ಲೈಸೆನ್ಸ್ ಇದೆ ಎಂದು ಅರ್ಥ. ಇಲ್ಲದಿದ್ದರೆ ‘ನೋ, ಐ ಡೋಂಟ್’ ಎನ್ನಬೇಕು.

ಇನ್ನೊಂದು ಪ್ರಶ್ನೆ: ‘ಡು ಯು ಮೈಂಡ್ ವರ್ಕಿಂಗ್ ನೈಟ್ ಶಿಫ್ಟ್ಸ್?’ ಇದರ ಅರ್ಥ ರಾತ್ರಿ ಪಾಳಿಗೆ ನಿಮ್ಮ ಆಕ್ಷೇಪ ಇದೆಯೇ ಎಂದು. ಇಲ್ಲಿ ‘ನೋ’ ಎಂದರೆ ಒಪ್ಪಿಗೆ, ‘ಯೆಸ್’ ಎಂದರೆ ಆಕ್ಷೇಪ! ಆದ್ದರಿಂದ ಬರೀ ಒಂದು ಪದದ ಉತ್ತರ ಕೊಡಬೇಡಿ. ಒಪ್ಪಿಗೆ ಇದ್ದರೆ ‘ಐ ಕ್ಯಾನ್ ವರ್ಕ್ ನೈಟ್ ಶಿಫ್ಟ್ಸ್’, ಇಲ್ಲದಿದ್ದರೆ ‘ಐ ಆಮ್ ಸಾರಿ, ಐ ಕೆನಾಟ್ ವರ್ಕ್ ಅಟ್ ನೈಟ್’ ಎಂದು ಪೂರ್ತಿ ಹೇಳಿ.

ನಮ್ಮೂರಿನಲ್ಲಿ ‘ನೋಡುವ’ ಎಂದರೆ ಬಹಳ ಸಲ ಮರ್ಯಾದೆಯ ನಿರಾಕರಣೆ. ಅದನ್ನೇ ‘ಐ ವಿಲ್ ಟ್ರೈ’ ಎಂದು ಹೇಳಿದರೆ ಎದುರಿನವರು ನೀವು ಒಪ್ಪಿದಿರಿ ಎಂದೇ ತಿಳಿಯುತ್ತಾರೆ. ಮನೆಯವರಲ್ಲಿ ಕೇಳಬೇಕಿದ್ದರೆ ‘ಐ ನೀಡ್ ಟು ಡಿಸ್ಕಸ್ ದಿಸ್ ವಿತ್ ಮೈ ಫ್ಯಾಮಿಲಿ. ಮೇ ಐ ಟೆಲ್ ಯು ಟುಮಾರೋ?’ ಎನ್ನಿ.

8. ಸಂಬಳದ ಮಾತು

ಹದಿನೈದು ಮತ್ತು ಐವತ್ತು ಇಂಗ್ಲಿಷಿನಲ್ಲಿ ಕಿವಿಗೆ ಹತ್ತಿರ ಹತ್ತಿರ: ‘ಫಿಫ್ಟೀನ್’, ‘ಫಿಫ್ಟಿ’. ಹದಿಮೂರು–ಮೂವತ್ತು, ಹದಿನಾಲ್ಕು–ನಲವತ್ತು ಕೂಡ ಹಾಗೆಯೇ. ಫೋನಿನಲ್ಲಿ ಸಂಬಳ ಹೇಳಿದರೆ ಅಂಕಿ ಬಿಡಿಸಿ ಕೇಳಿ: ‘ಈಸ್ ಇಟ್ ಒನ್ ಫೈವ್, ಫಿಫ್ಟೀನ್ ಥೌಸಂಡ್?’ ಲಕ್ಷ, ಕೋಟಿ ಎಂಬ ಲೆಕ್ಕ ವಿದೇಶಿಯರಿಗೆ ತಿಳಿಯದು. ಒಂದು ಲಕ್ಷ ಎಂದರೆ ‘ಒನ್ ಹಂಡ್ರೆಡ್ ಥೌಸಂಡ್’, ಒಂದು ಕೋಟಿ ಎಂದರೆ ‘ಟೆನ್ ಮಿಲಿಯನ್’.

‘ವಾಟ್ ಈಸ್ ಯುವರ್ ಎಕ್ಸ್‌ಪೆಕ್ಟೆಡ್ ಸ್ಯಾಲರಿ?’ ಎಂದರೆ ‘ಆಸ್ ಯು ಲೈಕ್, ಸರ್’ ಎನ್ನಬೇಡಿ. ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಎಂದು ಮೊದಲೇ ವಿಚಾರಿಸಿ, ಬಾಡಿಗೆ, ಊಟದ ಖರ್ಚು ಲೆಕ್ಕ ಹಾಕಿ ಒಂದು ಮೊತ್ತ ಹೇಳಿ: ‘ಐ ಎಕ್ಸ್‌ಪೆಕ್ಟ್ ಅಬೌಟ್ ಟ್ವೆಂಟಿ ಥೌಸಂಡ್ ಪರ್ ಮಂತ್.’

ನೀವು ಕೇಳಬೇಕಾದ ಪ್ರಶ್ನೆಗಳು:

‘ವಾಟ್ ಈಸ್ ದಿ ಟೇಕ್ ಹೋಮ್ ಸ್ಯಾಲರಿ?’ – ಕೈಗೆ ಬರುವ ಸಂಬಳ ಎಷ್ಟು?
‘ವಾಟ್ ಆರ್ ದಿ ವರ್ಕಿಂಗ್ ಅವರ್ಸ್?’ – ಕೆಲಸದ ಸಮಯ ಯಾವುದು?
‘ಈಸ್ ದೇರ್ ಎ ಬಾಂಡ್?’ – ಬಾಂಡ್ ಇದೆಯೇ?
‘ಈಸ್ ಫುಡ್ ಆಂಡ್ ಅಕಾಮಡೇಶನ್ ಇನ್‌ಕ್ಲೂಡೆಡ್?’ – ಊಟ, ವಸತಿ ಸೇರಿದೆಯೇ?
‘ಡು ಐ ಹ್ಯಾವ್ ಟು ಪೇ ಎನಿಥಿಂಗ್?’ – ನಾನು ಏನಾದರೂ ಹಣ ಕಟ್ಟಬೇಕೇ?

ಕೊನೆಯ ಪ್ರಶ್ನೆಗೆ ಕಂಪನಿಯವರು ಹೌದು ಎಂದರೆ ಎಚ್ಚರವಾಗಿರಿ. ಸಂದರ್ಶನಕ್ಕೆ, ಆಫರ್ ಲೆಟರಿಗೆ, ಲ್ಯಾಪ್‌ಟಾಪಿಗೆ ಎಂದು ಮೊದಲೇ ಹಣ ಕೇಳುವುದು ವಂಚಕರ ಹಳೆಯ ದಾರಿ. ವಿದೇಶದ ಕೆಲಸಕ್ಕೆ ಜನ ಕಳುಹಿಸುವ ಏಜೆಂಟರು 1983ರ ಎಮಿಗ್ರೇಷನ್ ಕಾಯ್ದೆಯಂತೆ ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಾಯಿತರ ಪಟ್ಟಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ‘ವಾಟ್ ಈಸ್ ಯುವರ್ ಲೈಸೆನ್ಸ್ ನಂಬರ್?’ ಎಂದು ಕೇಳಲು ಸಂಕೋಚ ಬೇಡ.

9. ತಿಳಿದಿರಬೇಕಾದ ಪದಗಳು

ಫ್ರೆಷರ್ – ಅನುಭವವಿಲ್ಲದ ಹೊಸಬರು.
ವಾಕ್ ಇನ್ – ಮೊದಲೇ ಅರ್ಜಿ ಹಾಕದೆ ನೇರವಾಗಿ ಹೋಗಬಹುದಾದ ಸಂದರ್ಶನ.
ಶಾರ್ಟ್‌ಲಿಸ್ಟೆಡ್ – ಮುಂದಿನ ಹಂತಕ್ಕೆ ಆಯ್ಕೆಯಾದವರು. ಕೆಲಸ ಸಿಕ್ಕಿತು ಎಂದು ಅರ್ಥವಲ್ಲ.
ಡೆಸಿಗ್ನೇಷನ್ – ಹುದ್ದೆಯ ಹೆಸರು.
ಸಿಟಿಸಿ – ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲೂ ಸಾಮಾನ್ಯವಾಗಿ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ಮೂರು ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಎಣಿಸಬೇಡಿ.
ಪ್ರೊಬೇಷನ್ – ಕೆಲಸ ಖಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ.
ನೋಟಿಸ್ ಪೀರಿಯಡ್ – ಕೆಲಸ ಬಿಡುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬ ಅವಧಿ.
ಬಾಂಡ್ – ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕೊಡುತ್ತೇನೆ ಎಂಬ ಬರಹದ ಒಪ್ಪಂದ. ಓದದೆ ಸಹಿ ಹಾಕಬೇಡಿ.
ರೊಟೇಷನಲ್ ಶಿಫ್ಟ್ – ಬದಲಾಗುತ್ತಿರುವ ಪಾಳಿ. ಹಗಲು, ರಾತ್ರಿ ಎರಡೂ ಬರಬಹುದು.
ರಿಲೊಕೇಟ್ – ಕೆಲಸಕ್ಕಾಗಿ ಬೇರೆ ಊರಿಗೆ ಹೋಗಿ ನೆಲೆಸುವುದು.
ಆಫರ್ ಲೆಟರ್ – ಕೆಲಸ ಕೊಡುತ್ತೇವೆ ಎಂಬ ಪತ್ರ. ಅಪಾಯಿಂಟ್‌ಮೆಂಟ್ ಲೆಟರ್ – ನೇಮಕದ ಪತ್ರ.
ರಿಲೀವಿಂಗ್ ಲೆಟರ್ – ಹಿಂದಿನ ಕೆಲಸದಿಂದ ಬಿಡುಗಡೆಯಾದ ಪತ್ರ.
ರೆಫರೆನ್ಸ್ – ನಿಮ್ಮ ಬಗ್ಗೆ ತಿಳಿದಿರುವ, ವಿಚಾರಿಸಬಹುದಾದ ವ್ಯಕ್ತಿ. ಅವರ ಹೆಸರು ಕೊಡುವ ಮೊದಲು ಅವರಲ್ಲಿ ಒಂದು ಮಾತು ಕೇಳಿ.

10. ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು

ಈ ತಪ್ಪುಗಳಿಗೆ ಬುದ್ಧಿಯ ಕೊರತೆ ಕಾರಣವಲ್ಲ. ಎಷ್ಟೋ ತಪ್ಪುಗಳು ಕನ್ನಡದ ವಾಕ್ಯವನ್ನೇ ಇಂಗ್ಲಿಷಿಗೆ ತರುವುದರಿಂದ ಬರುತ್ತವೆ. ಉಳಿದವು ಸುತ್ತಲಿನವರಿಂದ ಕೇಳಿ ಬಂದ ರೂಢಿ.

‘ಮೈಸೆಲ್ಫ್’ ಎಂದು ಹೆಸರು ಹೇಳಬೇಡಿ. ‘ಐ ಆಮ್’ ಅಥವಾ ‘ಮೈ ನೇಮ್ ಈಸ್’ ಸರಿ.
‘ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ತಪ್ಪು. ‘ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಸರಿ.
‘ಸಿನ್ಸ್ ತ್ರೀ ಇಯರ್ಸ್ ಐ ಆಮ್ ವರ್ಕಿಂಗ್’ ಎಂಬುದು ‘ಮೂರು ವರ್ಷದಿಂದ’ ಎಂಬ ಕನ್ನಡದ ನೆರಳು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಸರಿ. ಇಸವಿ ಹೇಳುವಾಗ ಮಾತ್ರ ‘ಸಿನ್ಸ್ 2021’.
‘ಐ ಡಿಡ್ ನಾಟ್ ವೆಂಟ್’ ತಪ್ಪು. ‘ಐ ಡಿಡ್ ನಾಟ್ ಗೋ’ ಸರಿ.
‘ಐ ಪಾಸ್ಡ್ ಔಟ್ ಇನ್ 2022’ ನಮ್ಮಲ್ಲಿ ನಡೆಯುತ್ತದೆ. ಹೊರದೇಶದಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಎಂದು ತಿಳಿಯುತ್ತಾರೆ! ‘ಐ ಗ್ರ್ಯಾಜುಯೇಟೆಡ್ ಇನ್ 2022’ ಎನ್ನಿ.
‘ಐ ಹ್ಯಾವ್ ಎ ಡೌಟ್’ ಎಂದರೆ ಅವರ ಮಾತನ್ನೇ ನಂಬುವುದಿಲ್ಲ ಎಂಬ ಅರ್ಥವೂ ಬರುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.
‘ಡಿಸ್ಕಸ್ ಅಬೌಟ್’ ಬೇಡ, ‘ಡಿಸ್ಕಸ್’ ಸಾಕು.
‘ಐ ಸ್ಟೇ ದೇರ್ ಓನ್ಲಿ’ ಎಂಬುದು ‘ಅಲ್ಲೇ’ ಎಂಬುದರ ಅನುವಾದ. ‘ಐ ಲಿವ್ ದೇರ್’ ಸಾಕು.

ಉಚ್ಚಾರಕ್ಕಾಗಿ ಸಿನಿಮಾ ನೋಡಿ ವಿದೇಶಿ ಧಾಟಿ ಅನುಕರಿಸುವುದು ಬೇಡ. ಮೂರು ವಿಷಯ ಗಮನಿಸಿ. ಒಂದು, ಎಕಾರದ ಮೊದಲು ಯಕಾರ, ಒಕಾರದ ಮೊದಲು ವಕಾರ ಸೇರಿಸಬೇಡಿ: ‘ಯೆಕ್ಸ್‌ಪೀರಿಯೆನ್ಸ್’ ಅಲ್ಲ, ‘ಎಕ್ಸ್‌ಪೀರಿಯೆನ್ಸ್’, ‘ವೋಪನ್’ ಅಲ್ಲ, ‘ಓಪನ್’. ಎರಡು, ಕೊನೆಗೆ ಉಕಾರ ಬೇಡ: ‘ಬ್ಯಾಂಕು’ ಕನ್ನಡದಲ್ಲಿ ಚೆನ್ನ, ಇಂಗ್ಲಿಷಿನಲ್ಲಿ ‘ಬ್ಯಾಂಕ್’. ಮೂರು, ನಿಧಾನವಾಗಿ ಹೇಳಿ. ವೇಗವಾಗಿ ಮಾತಾಡಿದರೆ ಚೆನ್ನಾಗಿ ಬರುತ್ತದೆ ಎಂದು ಯಾರೂ ತಿಳಿಯುವುದಿಲ್ಲ.

11. ಕಷ್ಟದ ಪ್ರಶ್ನೆಗಳು

‘ವೈ ಈಸ್ ದೇರ್ ಎ ಗ್ಯಾಪ್?’ – ಮಧ್ಯದಲ್ಲಿ ಕೆಲಸ ಅಥವಾ ಓದು ಏಕೆ ನಿಂತಿತು? ಇದ್ದುದನ್ನು ಇದ್ದ ಹಾಗೆ ಹೇಳಿ. ‘ಮೈ ಮದರ್ ವಾಸ್ ಇಲ್. ಐ ಟುಕ್ ಕೇರ್ ಆಫ್ ಹರ್ ಫಾರ್ ಒನ್ ಇಯರ್. ನೌ ಐ ಆಮ್ ರೆಡಿ ಟು ವರ್ಕ್.’ ಇದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

‘ವಾಟ್ ಈಸ್ ಯುವರ್ ವೀಕ್‌ನೆಸ್?’ – ನಿಮ್ಮ ದೌರ್ಬಲ್ಯ ಯಾವುದು? ಪುಸ್ತಕದಲ್ಲಿ ಇರುವ ಜಾಣ ಉತ್ತರಗಳು ಬೇಡ. ಒಂದು ನಿಜವಾದ ಕೊರತೆ, ಅದಕ್ಕೆ ನೀವು ಮಾಡುತ್ತಿರುವ ಪ್ರಯತ್ನ ಹೇಳಿ: ‘ಐ ಆಮ್ ನರ್ವಸ್ ವೆನ್ ಐ ಸ್ಪೀಕ್ ಇಂಗ್ಲಿಷ್. ಐ ಪ್ರ್ಯಾಕ್ಟೀಸ್ ಎವೆರಿ ಡೇ.’

‘ವೈ ಡಿಡ್ ಯು ಲೀವ್ ಯುವರ್ ಲಾಸ್ಟ್ ಜಾಬ್?’ – ಹಿಂದಿನ ಕೆಲಸ ಏಕೆ ಬಿಟ್ಟಿರಿ? ಹಳೆಯ ಯಜಮಾನರನ್ನು ದೂರಬೇಡಿ. ‘ಐ ಲರ್ನ್ಡ್ ಎ ಲಾಟ್ ದೇರ್. ನೌ ಐ ನೀಡ್ ಎ ಬೆಟರ್ ಸ್ಯಾಲರಿ’ ಎಂದರೂ ತಪ್ಪಿಲ್ಲ.

ಗೊತ್ತಿಲ್ಲದ ವಿಷಯ ಕೇಳಿದರೆ: ‘ಐ ಡೋಂಟ್ ನೋ ದಿಸ್, ಬಟ್ ಐ ಕ್ಯಾನ್ ಲರ್ನ್.’

ಹೊರಡುವಾಗ: ‘ಥ್ಯಾಂಕ್ ಯು ಫಾರ್ ಯುವರ್ ಟೈಮ್. ವೆನ್ ಕ್ಯಾನ್ ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ?’ – ಸಮಯ ಕೊಟ್ಟದ್ದಕ್ಕೆ ವಂದನೆ. ಉತ್ತರ ಯಾವಾಗ ನಿರೀಕ್ಷಿಸಲಿ?

12. ಹದಿನೈದು ದಿನದ ಅಭ್ಯಾಸ

ಮೊದಲ ಐದು ದಿನ: ನಿಮ್ಮ ಐದು ವಾಕ್ಯದ ಪರಿಚಯ ಮತ್ತು ಆರನೇ ಭಾಗದ ವಾಕ್ಯಗಳು. ದಿನಕ್ಕೆ ಹತ್ತು ಸಲ ಗಟ್ಟಿಯಾಗಿ. ಮನಸ್ಸಿನಲ್ಲಿ ಓದಿದರೆ ನಾಲಗೆಗೆ ಬರುವುದಿಲ್ಲ.

ಮುಂದಿನ ಐದು ದಿನ: ಮೊಬೈಲಿನಲ್ಲಿ ನಿಮ್ಮ ಧ್ವನಿ ರೆಕಾರ್ಡ್ ಮಾಡಿ ಕೇಳಿ. ಮೊದಲ ದಿನ ಕೇಳಲು ಮುಜುಗರ ಆಗುತ್ತದೆ, ಮೂರನೇ ದಿನಕ್ಕೆ ತಪ್ಪು ನೀವೇ ಹಿಡಿಯುತ್ತೀರಿ. ಜತೆಗೆ ದಿನಕ್ಕೊಮ್ಮೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಕೇಳಿ.

ಕೊನೆಯ ಐದು ದಿನ: ಇನ್ನೊಬ್ಬರನ್ನು ಎದುರು ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳಿ. ಪ್ರಶ್ನೆಗಳ ಕ್ರಮ ಬದಲಾಯಿಸಲು ಹೇಳಿ. ಅವರಿಗೆ ಇಂಗ್ಲಿಷ್ ಬರದಿದ್ದರೂ ಈ ಲೇಖನ ನೋಡಿ ಓದಬಹುದು.

ಪದಗಳ ಅರ್ಥಕ್ಕೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿ ಉಚಿತವಾಗಿ ನಿಘಂಟುಗಳು ಸಿಗುತ್ತವೆ. ಇದು 2016ರಲ್ಲಿ ಆರಂಭವಾಯಿತು.

ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಒಂದು ಮಾತು

ಇದಕ್ಕೆ ಹಣವಾಗಲಿ ದೊಡ್ಡ ಶಿಬಿರವಾಗಲಿ ಬೇಕಾಗಿಲ್ಲ. ನಿವೃತ್ತರಾದ ಟೀಚರ್ ಬಾಯಿ, ಬ್ಯಾಂಕಿನಲ್ಲಿದ್ದವರು, ರಜೆಯಲ್ಲಿ ಊರಿಗೆ ಬಂದ ನರ್ಸ್ ನಮ್ಮ ವಾಳೆಗಳಲ್ಲಿ ಸಿಗುತ್ತಾರೆ. ಭಾನುವಾರ ಪೂಜೆಯ ನಂತರ ಸಭಾಭವನದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿದರೆ ಸಂದರ್ಶನದ ಅಭ್ಯಾಸ ನಡೆಯುತ್ತದೆ. ಯಾವ ಧರ್ಮದ ಮಕ್ಕಳು ಬಂದರೂ ಕೂರಿಸಿಕೊಳ್ಳಿ. ಒಂದೇ ನಿಯಮ ಇರಲಿ: ತಪ್ಪು ಮಾತಾಡಿದವರನ್ನು ನೋಡಿ ಯಾರೂ ನಗಬಾರದು. ಹಾಗೆ ನಕ್ಕದ್ದರಿಂದಲೇ ಶಾಲೆಯ ದಿನಗಳಲ್ಲಿ ಬಾಯಿ ಮುಚ್ಚಿದ ಮಕ್ಕಳು ನಮ್ಮಲ್ಲಿ ಬಹಳ ಜನ ಇದ್ದಾರೆ.

ಯುವಜನರೇ, ಇಂಗ್ಲಿಷ್ ಚೆನ್ನಾಗಿ ಬರುವ ತನಕ ಕಾಯಬೇಡಿ. ಇರುವಷ್ಟರಲ್ಲಿ ಸತ್ಯ ಹೇಳಿ, ಅರ್ಥವಾಗದಿದ್ದರೆ ಕೇಳಿ, ಒಪ್ಪಿಗೆ ಇಲ್ಲದಿದ್ದರೆ ‘ನೋ’ ಎನ್ನಿ. ಮುಂದಿನ ಕರೆ ಬಂದಾಗ ಧೈರ್ಯವಾಗಿ ಹೋಗಿ ಬನ್ನಿ. ನಿಮಗೆಲ್ಲ ಶುಭವಾಗಲಿ.